ಕ್ರ್ಯಾಂಕ್ ಸಿಗ್ನಲ್ ಓದಲಾರದ ಇಸಿಯು ಹಾಗೂ ತಮ್ಮ ತಾಂತ್ರಿಕ ಸಲಹಾ ವಿಭಾಗದ ವರ್ತನೆ ಕುರಿತು ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ತಮ್ಮಿಂದ ನಾನು ಖರೀದಿಸಿದ, ಎಂಜಿನ್ನಿಗೆ ಪೆಟ್ರೋಲ್ ಲೆಕ್ಕ ಹಾಕಿ ಕೊಡುವ ಎಂಜಿನ್ ಕಂಟ್ರೋಲ್ ಯೂನಿಟ್ (ಇಸಿಯು) ಬಗ್ಗೆ ಇದುವರೆಗೆ ಫೋನಿನಲ್ಲಿ ವಿನಯದಿಂದಲೇ ಹೇಳಿಕೊಂಡು ಬಂದಿದ್ದೆ. ಕಳೆದ ವಾರ ತಮ್ಮಿಂದ ಬಂದ “ಹೊರಗಿನ ಬೋರ್ಡ್ ಜೋಡಿಸಿರುವುದರಿಂದ ವಾರಂಟಿ ರದ್ದಾಗಿದೆ” ಎಂಬ ಒಂದೇ ಸಾಲಿನ ಉತ್ತರವನ್ನು ಓದಿದ ಮೇಲೆ ಇನ್ನು ಫೋನ್ ಮಾಡುವುದರಲ್ಲಿ ಅರ್ಥವಿಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ. ಆ ಬೋರ್ಡನ್ನು ಯಾಕೆ ಜೋಡಿಸಬೇಕಾಯಿತು ಎಂಬುದನ್ನು ತಾವು ಕೇಳಲೇ ಇಲ್ಲವಾದ್ದರಿಂದ ನಾನೇ ಹೇಳುತ್ತೇನೆ.

ನನ್ನದು ಮಾರುತಿ ಜಿಪ್ಸಿ, 1.3 ಲೀಟರಿನ ಜಿ13ಬಿಬಿ ಎಂಜಿನ್. ಎಸ್ಟೇಟಿನ ಖಾಸಗಿ ರಸ್ತೆಯಲ್ಲಿ ಓಡಿಸಲು ಹಾಗೂ ಮುಂದೆ ಸ್ಪರ್ಧೆಗೆ ಇಳಿಸಲು ಸಿದ್ಧಪಡಿಸುತ್ತಿರುವ ಗಾಡಿ. ಎಂಜಿನ್ನಿಗೆ ಗಾಳಿ ಬಿಡುವ, ಬೈಕಿನಿಂದ ತೆಗೆದ ನಾಲ್ಕು ಥ್ರಾಟಲ್ ಬಾಡಿಗಳನ್ನು ಸಿಲಿಂಡರಿಗೊಂದರಂತೆ ಕೂರಿಸಿ, ಕ್ರ್ಯಾಂಕ್ ಪುಲ್ಲಿಗೆ ಮೂವತ್ತಾರು ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಬಿಟ್ಟ ಟ್ರಿಗರ್ ವೀಲ್ ಹಾಕಿ, ಅದರ ಎದುರಿಗೆ, ಹಲ್ಲು ಹಾದುಹೋಗುವುದನ್ನು ಗುರುತಿಸಿ ಕ್ರ್ಯಾಂಕಿನ ವೇಗ, ಸ್ಥಾನ ತಿಳಿಸುವ ವಿಆರ್ ಸೆನ್ಸರ್ ನಿಲ್ಲಿಸಿದ್ದೇವೆ. ತಮ್ಮ ಇಸಿಯುವಿಗಿಂತ ಬಹಳ ಕಡಿಮೆ ಖರ್ಚಿನಲ್ಲಿ, ಆರ್ಡುಯಿನೋ ಮೆಗಾ ಎಂಬ ಅಗ್ಗದ ಬೋರ್ಡಿನ ಮೇಲೆ ನಡೆಯುವ ಸ್ಪೀಡುಯಿನೋ ಎಂಬ ಇಸಿಯುವನ್ನು ನಾವೇ ಕಟ್ಟಿಕೊಳ್ಳಬಹುದಿತ್ತು. ವಿಆರ್ ಸೆನ್ಸರಿದ್ದರೆ ಅದರ ಸಿಗ್ನಲ್ ತಿದ್ದಿಕೊಡುವ ಕಂಡಿಷನರ್ ಬೋರ್ಡ್ ಬೇರೆಯಾಗಿ ಹಾಕಬೇಕೆಂದು ಸ್ಪೀಡುಯಿನೋದವರು ಮೊದಲೇ ಹೇಳಿಬಿಡುತ್ತಾರೆ. ಆದರೂ 62,000 ರೂಪಾಯಿ ಕೊಟ್ಟು ತಮ್ಮದನ್ನೇ ಆರಿಸಿಕೊಂಡದ್ದು, ತೊಂದರೆಯಾದಾಗ ಕೇಳಲು ತಿಳಿದವರು ಸಿಗುತ್ತಾರೆ ಎಂಬ ಒಂದೇ ಕಾರಣಕ್ಕೆ. ಆ ತಿಳಿದವರ ಪರಿಚಯ ಮುಂದೆ ಬರುತ್ತದೆ.

ಆರ್ಡರ್ ಮಾಡುವ ಮುನ್ನ ತಾವು ಕಳುಹಿಸಿದ ಪ್ರಶ್ನಾವಳಿಯಲ್ಲಿ “ಕ್ರ್ಯಾಂಕ್ ಸೆನ್ಸರ್ ಯಾವ ಬಗೆಯದು” ಎಂಬ ಪ್ರಶ್ನೆಗೆ “ವಿಆರ್” ಎಂದು ಸ್ಪಷ್ಟವಾಗಿ ತುಂಬಿದ್ದೆ, “ಹೊಂದಿಕೊಳ್ಳುತ್ತದೆ” ಎಂದು ತಮ್ಮವರೇ ಉತ್ತರಿಸಿದ್ದರು. ಕ್ರ್ಯಾಂಕಿಗೆ ಬಳಸುವ ಇನ್ನೊಂದು ಬಗೆಯಾದ ಹಾಲ್ ಸೆನ್ಸರ್ ಚೌಕಾಕಾರದ ಸಿಗ್ನಲ್ ಕೊಡುತ್ತದೆ, ವಿಆರ್ ಸೆನ್ಸರ್ ಕೊಡುವುದು ಎಸಿ ವೋಲ್ಟೇಜು, ಅದೂ ಕ್ರ್ಯಾಂಕಿನ ವೇಗಕ್ಕೆ ತಕ್ಕಂತೆ ಏರಿಳಿಯುವಂಥದ್ದು, ಆದ್ದರಿಂದ ಅದನ್ನು ತಿದ್ದಿ ಕೊಡುವ ಸರ್ಕ್ಯೂಟ್ ಇಲ್ಲದೆ ಇಸಿಯು ಅದನ್ನು ಓದಲಾರದು ಎಂಬುದನ್ನು ಇಸಿಯು ಮಾರುವವರಿಗೆ ನಾನು ವಿವರಿಸುವ ಅಗತ್ಯವಿರಬಾರದು. ಬಂದ ಪೆಟ್ಟಿಗೆಯಲ್ಲಿ ಆ ಸರ್ಕ್ಯೂಟೇ ಇರಲಿಲ್ಲ. ಸ್ಟಾರ್ಟರ್ ಎಷ್ಟು ತಿರುಗಿಸಿದರೂ ಪರದೆಯ ಮೇಲೆ ಆರ್‌ಪಿಎಂ ಸೊನ್ನೆಯಿಂದ ಅಲುಗಲಿಲ್ಲ.

ಆಗ ತಮ್ಮ ತಾಂತ್ರಿಕ ಸಲಹೆಗಾರರಿಗೆ ಫೋನ್ ಮಾಡಿದೆ. ಚಿಕ್ಕಮಗಳೂರಿನ ನಮ್ಮ ಮೆಕ್ಯಾನಿಕ್ ಬಾನೆಟ್‌ಗೆ ಬಗ್ಗಿ ಕೈಯಲ್ಲಿ, ಸಿಗ್ನಲ್ಲನ್ನು ಅಲೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪ್ರೋಬ್ ಹಿಡಿದಿದ್ದುದರಿಂದ, ಅವರಿಗೂ ಕೇಳಲಿ ಎಂದು ಫೋನನ್ನು ಸ್ಪೀಕರಿಗೆ ಹಾಕಿ ಬ್ಯಾಟರಿಯ ಮೇಲಿಟ್ಟಿದ್ದೆ. ಗ್ಯಾರೇಜಿನ ಇಬ್ಬರು ಹುಡುಗರು, ಪಿಕಪ್‌ನ ಕ್ಲಚ್ ಹಾಕಿಸಲು ಬಂದಿದ್ದ ಪಕ್ಕದ ಎಸ್ಟೇಟಿನ ರೈಟರು, ಎಲ್ಲರೂ ಸುತ್ತ ನಿಂತಿದ್ದರು. ತಮ್ಮವರ ಮೊದಲ ಪ್ರಶ್ನೆ, “ಸಾರ್, ಬ್ಯಾಟರಿ ಕನೆಕ್ಟ್ ಮಾಡಿದ್ದೀರಾ?” ಮಾಡಿದ್ದೇನೆ ಎಂದೆ. “ಕೀ ಆನ್ ಇದೆಯಾ?” ಇದೆ ಎಂದೆ. “ಪೆಟ್ರೋಲ್?” ಎಂದರು. ಇಂಜೆಕ್ಟರಿನ ಮಾತು ಆಮೇಲಿನದು, ಆರ್‌ಪಿಎಂ ಕಾಣಿಸಲು ಪೆಟ್ರೋಲ್ ಬೇಕಾಗಿಲ್ಲ, ಸ್ಕೋಪಿನಲ್ಲಿ ಸೆನ್ಸರಿನ ವೇವ್ ಚೆನ್ನಾಗಿಯೇ ಬರುತ್ತಿದೆ, ಬಿಟ್ಟ ಹಲ್ಲಿನ ಜಾಗವೂ ಕಾಣುತ್ತಿದೆ, ತಮ್ಮ ಪೆಟ್ಟಿಗೆ ಅದನ್ನು ಓದುತ್ತಿಲ್ಲ ಎಂದು ಬಿಡಿಸಿ ಹೇಳಿದೆ. “ವೇವ್ ಅಂದ್ರೆ ಯಾವುದು ಸಾರ್?” ಎಂದರು. ನಾನು ಮತ್ತೊಮ್ಮೆ ಹೇಳುವಷ್ಟರಲ್ಲಿ, “ಮ್ಯಾನ್ಯುಯಲ್ ಇಂಗ್ಲಿಷಲ್ಲಿದೆ, ಊರಲ್ಲಿ ಓದೋಕೆ ಬರುವವರು ಯಾರಾದ್ರೂ ಇದ್ರೆ ತೋರಿಸಿ” ಎಂಬ ಸಲಹೆ ಬಂತು. ರೈಟರು ನೆಲ ನೋಡಿದರು. ಆಮೇಲೆ ಲೈನ್ ಹೋಲ್ಡ್‌ಗೆ ಹೋಯಿತು, ಅಥವಾ ಹೋಯಿತೆಂದು ತಮ್ಮವರು ಭಾವಿಸಿದರು. ಏಕೆಂದರೆ ಸಂಗೀತದ ಬದಲು ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿದ್ದು, “ಅದೇ ಚಿಕ್ಕಮಗಳೂರಿನ ಜೀಪ್ ಪಾರ್ಟಿ ಮಾರಾಯ. ಕಾಫಿ ಮೂಟೆ ಹೊರೋ ಗಾಡಿಗೆ ಇಸಿಯು ಬೇಕಂತೆ” ಎಂಬ ಮಾತು ಮತ್ತು ಅದರ ಹಿಂದಿನಿಂದ ಇನ್ನೊಬ್ಬರ ನಗು. ಮರಳಿ ಲೈನಿಗೆ ಬಂದವರು ಬಹಳ ಗಂಭೀರವಾಗಿ, ಹಾಲ್ ಸೆನ್ಸರ್ ಕಿಟ್ ತೆಗೆದುಕೊಂಡರೆ ಸಮಸ್ಯೆ ಪರಿಹಾರವಾಗುತ್ತದೆ, ಅದರ ಬೆಲೆ ಬೇರೆ, ಮುಂಗಡ ಕಳುಹಿಸಿ ಎಂದರು. ನಮ್ಮ ಮೆಕ್ಯಾನಿಕ್ ಪ್ರೋಬನ್ನು ಸುತ್ತಿ ಡಬ್ಬಕ್ಕೆ ಹಾಕಿಟ್ಟು ಕೈ ತೊಳೆಯಲು ಹೋದರು. ಇಷ್ಟನ್ನೂ ಬಿಡದೆ ಬರೆದಿರುವುದು, ಕರೆಗಳನ್ನು ತರಬೇತಿಗಾಗಿ ರೆಕಾರ್ಡ್ ಮಾಡಲಾಗುತ್ತದೆ ಎಂದು ತಾವೇ ಪ್ರತಿ ಸಲ ಹೇಳುವುದರಿಂದ ಹೋಲಿಸಿ ನೋಡಲು ಅನುಕೂಲವಾಗಲೆಂದು. ತರಬೇತಿ ಯಾರಿಗೆ ಬೇಕೆಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಕೊನೆಗೆ ಮೆಕ್ಯಾನಿಕ್ ಹೊರಗಿನಿಂದ ಒಂದು ವಿಆರ್ ಕಂಡಿಷನರ್ ಬೋರ್ಡ್ ತರಿಸಿ ಸೆನ್ಸರಿಗೂ ತಮ್ಮ ಪೆಟ್ಟಿಗೆಗೂ ನಡುವೆ ಹಾಕಿದರು. ಎಂಜಿನ್ ಅಂದೇ ಸ್ಟಾರ್ಟ್ ಆಯಿತು. ದೋಷ ಎಲ್ಲಿತ್ತೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ತಮ್ಮ ಕಣ್ಣಿಗೆ ಮಾತ್ರ ಇದೇ ವಾರಂಟಿ ರದ್ದುಮಾಡುವ ಅಪರಾಧವಾಗಿ ಕಂಡಿದೆ.

ಎಂಜಿನ್ ಓಡಿದ ಮೇಲೆ ಇನ್ನೊಂದು ಸತ್ಯ ಹೊರಬಿತ್ತು. ನಾಲ್ಕು ಥ್ರಾಟಲ್ ಬಾಡಿಗಳಿದ್ದಾಗ ಮ್ಯಾನಿಫೋಲ್ಡಿನ (ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ) ಒತ್ತಡ ಸ್ಥಿರವಾಗಿ ಸಿಗುವುದಿಲ್ಲವಾದ್ದರಿಂದ ಥ್ರಾಟಲ್ ಎಷ್ಟು ತೆರೆದಿದೆ ಎಂಬುದರ ಮೇಲೆಯೇ ಪೆಟ್ರೋಲ್ ಲೆಕ್ಕ ಹಾಕಬೇಕಾಗುತ್ತದೆ. ಹಾಗೆ ಮಾಡಿದಾಗ ಹೊರಗಿನ ಗಾಳಿಯ ಒತ್ತಡವನ್ನು ಸದಾ ಅಳೆಯುತ್ತಿರಬೇಕು. “ನಿರಂತರ ಬ್ಯಾರೋಮೀಟರ್ ಹೊಂದಾಣಿಕೆ” ಎಂದು ತಮ್ಮ ಜಾಹೀರಾತಿನಲ್ಲಿದೆ. ವಾಸ್ತವದಲ್ಲಿ ತಮ್ಮ ಪೆಟ್ಟಿಗೆ ಕೀ ಆನ್ ಮಾಡಿದಾಗ ಒಮ್ಮೆ ಅಳೆದು ಸುಮ್ಮನಾಗುತ್ತದೆ. ಬಯಲುಸೀಮೆಯಲ್ಲಿ ಇದು ಯಾರಿಗೂ ಗೊತ್ತಾಗದೆ ಹೋಗಬಹುದು. ಸಮುದ್ರಮಟ್ಟದಲ್ಲಿ 101 ಕಿಲೋಪ್ಯಾಸ್ಕಲ್ ಇರುವ ಒತ್ತಡ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಸುಮಾರು 80ಕ್ಕೆ ಇಳಿಯುವ ಜಿಲ್ಲೆ ನಮ್ಮದು. ನಮ್ಮ ಎಸ್ಟೇಟಿನಲ್ಲಿ ಕೆಳಗಿನ ಗೇಟಿನಿಂದ ಮೇಲಿನ ಬ್ಲಾಕಿಗೆ ಹತ್ತುವಷ್ಟರಲ್ಲೇ ಪೂರ್ಣ ಥ್ರಾಟಲಿನಲ್ಲಿ 0.88 ಇದ್ದ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಮಿಶ್ರಣದ ಅಳತೆ, ಇಳಿದಷ್ಟೂ ಪೆಟ್ರೋಲ್ ಹೆಚ್ಚು) 0.83ಕ್ಕೆ ಬಂದು ಪ್ಲಗ್ ಮಸಿ ಹಿಡಿಯುತ್ತದೆ. ಅದಾದರೂ ಒರೆಸಿಕೊಳ್ಳಬಹುದಾದ ಮಸಿ. ಮೇಲೆ ಸ್ಟಾರ್ಟ್ ಮಾಡಿ ಕೆಳಗಿಳಿದರೆ ಗಾಳಿ ಹೆಚ್ಚಿ, ಪೆಟ್ರೋಲ್ ಅಷ್ಟೇ ಉಳಿದು, ಮಿಶ್ರಣ ಲೀನ್ ಆಗುತ್ತದೆ. ಆಗ ನಾಕಿಂಗ್ (ಸಿಲಿಂಡರಿನೊಳಗೆ ಮಿಶ್ರಣ ಹೊತ್ತಲ್ಲದ ಹೊತ್ತಿಗೆ ಸಿಡಿಯುವುದು) ಶುರುವಾಗಿ ಪಿಸ್ಟನ್ ಹೋದರೆ ಅದಕ್ಕೂ ಹೊರಗಿನ ಬೋರ್ಡೇ ಕಾರಣವೆಂದು ತಾವು ಬರೆಯುವಿರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ವರ್ಣನೆಗೆ ತಕ್ಕಂತಿಲ್ಲದ ಸರಕಿನ ಬಗ್ಗೆ ತಮ್ಮದೇ ರಿಟರ್ನ್ ನಿಯಮ ಏನು ಹೇಳುತ್ತದೆಂದು ತಮಗೆ ತಿಳಿದೇ ಇದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ದೃಢಪಡಿಸಿ ಒಂದು ತಿಂಗಳೊಳಗೆ ಬಗೆಹರಿಸಬೇಕೆಂಬುದೂ ತಿಳಿದಿರಲೇಬೇಕು. ಪೂರ್ಣ ಹಣ, ಬೋರ್ಡಿನ ಬೆಲೆ, ಕೊರಿಯರ್ ಖರ್ಚು ಇವಿಷ್ಟನ್ನು ನನ್ನ ಖಾತೆಗೆ ಹಿಂದಿರುಗಿಸಿ ಪೆಟ್ಟಿಗೆಯನ್ನು ಕೊಂಡೊಯ್ಯತಕ್ಕದ್ದು. ಹಾಲ್ ಸೆನ್ಸರ್ ಕಿಟ್, ರಿಯಾಯಿತಿ ಕೂಪನ್, ಇನ್ನೊಮ್ಮೆ ಸಲಹೆಗಾರರ ಕರೆ, ಇವು ಯಾವುವೂ ಬೇಡ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ಆದ್ದರಿಂದ ಮುಂದಿನ ಪತ್ರವನ್ನು ನಾನು ಬರೆಯುವುದು ತಮಗಲ್ಲ, ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ. ಪ್ರಶ್ನಾವಳಿ, ತಮ್ಮ ಉತ್ತರ, ಜಾಹೀರಾತಿನ ಪ್ರತಿ, ಸ್ಕೋಪಿನ ಚಿತ್ರ ಎಲ್ಲವೂ ಫೈಲಿನಲ್ಲಿವೆ. ಫೋನಿನ ಮಾತು ಕೇಳಿಸಿಕೊಂಡವರು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಇದಲ್ಲದೆ ಈ ಜಿಲ್ಲೆಯಲ್ಲಿ ರ‍್ಯಾಲಿ ನಡೆದಾಗಲೆಲ್ಲ ಸರ್ವಿಸ್ ತಂಡಗಳು ಬಂದು ಇಳಿಯುತ್ತವೆ, ಯಾವ ಇಸಿಯು ಹಾಕಿಸಬೇಕೆಂದು ಅಲ್ಲಿ ಒಬ್ಬರನ್ನೊಬ್ಬರು ಕೇಳುತ್ತಾರೆ. ಹಣ ಬಂದರೂ ಬರದಿದ್ದರೂ, ಕೇಳಿದವರಿಗೆಲ್ಲ ತಮ್ಮ ಹೆಸರು ಹಿಡಿದೇ ಉತ್ತರ ಹೇಳುವವನಿದ್ದೇನೆ.

ಇಂತಿ,
ತಮ್ಮ ಚಿಕ್ಕಮಗಳೂರಿನ ಜೀಪ್ ಪಾರ್ಟಿ