ಹಂಚುವ ಮೊದಲು ಹಕ್ಕುಪುಟ ನೋಡಿ

ಮಾನ್ಯರೇ,

ನಿಯತಕಾಲಿಕದ ಹೊಸ ಸಂಚಿಕೆ ಚಂದಾದಾರರ ಕೈಸೇರುವ ಮೊದಲೇ ಅದರ ಪಿಡಿಎಫ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಕಳಿಸುವವರಲ್ಲಿ ಹೆಚ್ಚಿನವರು ಓದಿನ ಮೇಲಿನ ಪ್ರೀತಿಯಿಂದಲೇ ಕಳಿಸುತ್ತಾರೆ. ಆದರೂ ಅದು ಬರೆದವರ ಸಂಪಾದನೆಗೆ ಕೈಹಾಕಿದಂತೆಯೇ. ಯಾವುದನ್ನು ಹಂಚಬಹುದು, ಯಾವುದನ್ನು ಹಂಚಬಾರದು ಎಂದು ನೋಡುವುದು ಬಹಳ ಸಲ ಎರಡು ನಿಮಿಷದ ಕೆಲಸ.

ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಕೃತಿಯ ಹಕ್ಕು (ಕಾಪಿರೈಟ್) ಯಾರದೆಂದು ಅಚ್ಚಾಗಿರುತ್ತದೆ. ಪುಸ್ತಕ ಅಚ್ಚಾದ ವರ್ಷ ಹಿಡಿದು ಲೆಕ್ಕ ಹಾಕುವುದು ತಪ್ಪು. ಬೇಕಾಗುವುದು ಲೇಖಕರು ತೀರಿಕೊಂಡ ವರ್ಷ. ಕೃತಿಹಕ್ಕಿನ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಪ್ರಕಾರ ಆಮೇಲೂ ಕನಿಷ್ಠ 50 ವರ್ಷ ಹಕ್ಕು ಉಳಿಯುತ್ತದೆ. ಭಾರತದಲ್ಲಿ ಅದು 60, ಯುರೋಪ್ ಒಕ್ಕೂಟದಲ್ಲಿ 70. ಎಣಿಕೆ ಶುರುವಾಗುವುದು ಮರುವರ್ಷದ ಜನವರಿ 1ರಿಂದ. 1965ರಲ್ಲಿ ತೀರಿಕೊಂಡವರ ಕೃತಿ ಇಲ್ಲಿ 2026ರ ಜನವರಿ 1ಕ್ಕೆ ಮುಕ್ತ. ಯುರೋಪಿನಲ್ಲಿ ಇನ್ನೂ 10 ವರ್ಷ ಕಾಯಬೇಕು.

ಜನ ಹೆಚ್ಚು ಎಡವುವುದು ಅನುವಾದದಲ್ಲಿ. ಮೂಲ ಲೇಖಕರು ತೀರಿಕೊಂಡು ನೂರು ವರ್ಷವಾಗಿರಬಹುದು, ಅನುವಾದಕರು ಇನ್ನೂ ಬದುಕಿರಬಹುದು. ಅನುವಾದದ ಹಕ್ಕು ಅವರದೇ, ಇಲ್ಲವೇ ಅವರಿಂದ ಪಡೆದ ಪ್ರಕಾಶಕರದು. ಮುನ್ನುಡಿ, ಚಿತ್ರಗಳಿಗೂ ಇದೇ ಮಾತು. ‘ಪ್ರತಿಗಳು ಮುಗಿದಿವೆ’ ಎಂದರೆ ಹಕ್ಕು ಮುಗಿದಿದೆ ಎಂದೇನೂ ಅಲ್ಲ.

ನಿಯತಕಾಲಿಕ ಇನ್ನೂ ತೊಡಕಿನದು. ಒಂದೇ ಸಂಚಿಕೆಯಲ್ಲಿ ಕಥೆಗಾರರು, ಚಿತ್ರಕಾರರು, ಛಾಯಾಗ್ರಾಹಕರು ಎಲ್ಲರ ಪಾಲೂ ಇರುತ್ತದೆ. ಮೊದಲ ಪ್ರಕಟಣೆಯ ಹಕ್ಕನ್ನಷ್ಟೇ ಪಡೆದ ಸಂಪಾದಕರು ಇಡೀ ಸಂಚಿಕೆ ಹಂಚಲು ಒಪ್ಪಿಗೆ ಕೊಡಲಾರರು. ಮೇಲಾಗಿ, ಹಂಚಿದ ಪಿಡಿಎಫ್ ಪ್ರಸಾರ ಸಂಖ್ಯೆಯ ಲೆಕ್ಕಕ್ಕೆ ಬರುವುದಿಲ್ಲ. ಜಾಹೀರಾತಿನ ದರ ನಿಂತಿರುವುದು ಆ ಸಂಖ್ಯೆಯ ಮೇಲೆ.

ಗ್ರಂಥಾಲಯ ಎರವಲು ಕೊಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಎರವಲು ಕೊಟ್ಟ ಪುಸ್ತಕ ಕೊಟ್ಟವರ ಬಳಿ ಇರುವುದಿಲ್ಲ. ಕಡತ ಕಳಿಸಿದರೆ ಇಬ್ಬರ ಬಳಿಯೂ ಇರುತ್ತದೆ. ಇಂಟರ್ನೆಟ್ ಆರ್ಕೈವ್ ಎಂಬ ಅಮೆರಿಕದ ಆನ್‌ಲೈನ್ ಗ್ರಂಥಾಲಯ ಸಂಸ್ಥೆ ಮುದ್ರಿತ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಒಂದು ಪ್ರತಿಗೆ ಒಬ್ಬ ಓದುಗ ಎಂಬ ಕಟ್ಟುಪಾಡಿನಲ್ಲಿ ಎರವಲು ಕೊಡುತ್ತಿತ್ತು. 2020ರಲ್ಲಿ ಕೆಲಕಾಲ ಆ ಮಿತಿ ಸಡಿಲಿಸಿದಾಗ ಪ್ರಕಾಶಕರು ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. 2023ರ ತೀರ್ಪಿನಲ್ಲಿ ಸಂಸ್ಥೆ ಸೋತಿತು, 2024ರ ಮೇಲ್ಮನವಿಯಲ್ಲೂ ಸೋತಿತು. ಕಟ್ಟುಪಾಡಿನ ಎರವಲೂ ನ್ಯಾಯಾಲಯಕ್ಕೆ ಒಪ್ಪಿಗೆಯಾಗಲಿಲ್ಲ. ಬೇರೆಲ್ಲೂ ಸಿಗದ ಪುಸ್ತಕಗಳ ಮಟ್ಟಿಗೆ ಇದು ಕಠಿಣ ತೀರ್ಪೇ ಎಂದು ನಮ್ಮ ಅಭಿಪ್ರಾಯ.

ನೇರ ದಾರಿಗಳೂ ಇವೆ. ಕಡತದ ಬದಲು ಪ್ರಕಾಶಕರ ಪುಟದ ಕೊಂಡಿ ಕಳಿಸಿ. ಸಂಶೋಧನಾ ಲೇಖನ ಬೇಕಿದ್ದರೆ ಲೇಖಕರಿಗೇ ಮಿಂಚಂಚೆ ಬರೆಯಿರಿ. ಕ್ರಿಯೇಟಿವ್ ಕಾಮನ್ಸ್ (ಕರ್ತೃವೇ ಮೊದಲೇ ಕೊಟ್ಟಿರುವ ಬಳಕೆಯ ಅನುಮತಿ) ಗುರುತಿದ್ದರೆ ಅದರ ಅಕ್ಷರಗಳನ್ನು ಓದಿ: ‘ಬಿವೈ’ ಇದ್ದರೆ ಕರ್ತೃವಿನ ಹೆಸರು ಹೇಳಬೇಕು, ‘ಎನ್‌ಸಿ’ ಇದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ, ‘ಎನ್‌ಡಿ’ ಇದ್ದರೆ ತಿದ್ದಿ ಹಂಚುವಂತಿಲ್ಲ. ದೃಷ್ಟಿದೋಷವಿರುವವರಿಗಾಗಿ ಬ್ರೈಲ್ ಅಥವಾ ಧ್ವನಿ ಪ್ರತಿ ಮಾಡುವುದಕ್ಕೆ 2013ರ ಮರ‍್ರಕೇಶ್ ಒಪ್ಪಂದವೇ ಅವಕಾಶ ಕೊಟ್ಟಿದೆ. ಅದನ್ನು ಕಳ್ಳಪ್ರತಿಯ ಸಾಲಿಗೆ ಸೇರಿಸಬೇಡಿ.

ಪತ್ರಿಕೆಗಳಿಗೂ ಒಂದು ಕೋರಿಕೆ. ಅನುಮತಿ ಕೇಳಬೇಕೆಂದರೂ ಎಷ್ಟೋ ಸಂಚಿಕೆಗಳಲ್ಲಿ ಯಾರನ್ನು ಕೇಳಬೇಕೆಂಬುದೇ ತಿಳಿಯುವುದಿಲ್ಲ. ಪ್ರತಿ ಲೇಖನದ ಕೆಳಗೆ ಹಕ್ಕು ಯಾರದು, ಮರುಬಳಕೆಗೆ ಎಲ್ಲಿಗೆ ಬರೆಯಬೇಕು ಎಂಬ ಒಂದು ಸಾಲು ಅಚ್ಚು ಹಾಕಿ. ಹಳೆಯ ಸಂಚಿಕೆಗಳನ್ನು ಬಿಡಿಬಿಡಿಯಾಗಿ ಕೊಳ್ಳುವ ವ್ಯವಸ್ಥೆಯನ್ನೂ ಮಾಡಿ.

ಇಂತಿ,
ಪ್ರಕಾಶನ ಮತ್ತು ಗ್ರಂಥಾಲಯದ ಕೆಲಸದಲ್ಲಿರುವ ಕೆಲವು ಓದುಗರು