ಗುಂಡು ತಡವಾಗಿ ಬೀಳುವುದೇಕೆ

ಚಿರಂಜೀವಿ ನಂದಿನಿಗೆ ಸೋದರಮಾವನ ಆಶೀರ್ವಾದಗಳು.

ಗುಂಡು ಬೀಳಿಸಿ ಕಾಲ ಅಳೆಯುವ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಹೆಚ್ಚುವ ಪ್ರಮಾಣ, 9.8 (ಮೀಟರ್/ಸೆಕೆಂಡು²) ಬರಬೇಕಾದಲ್ಲಿ 9.0 ಬಂತೆಂದು ಬರೆದಿದ್ದೀಯ. ಉತ್ತರಕ್ಕೆ ಸರಿಹೊಂದುವಂತೆ ಅಳತೆಗಳನ್ನು ತಿದ್ದಲು ಮಾತ್ರ ಹೋಗಬೇಡ. ಉಪಕರಣದ ದೋಷ ಎಲ್ಲಿದೆಯೆಂದು ಆ 9.0 ಹೇಳುತ್ತದೆ.

1 ಮೀಟರ್ ಎತ್ತರದಿಂದ ಉಕ್ಕಿನ ಗುಂಡು ಬೀಳಲು 0.452 ಸೆಕೆಂಡು ಸಾಕು. ಗಡಿಯಾರ 0.472 ತೋರಿಸಿದರೆ ಉತ್ತರ 9.0ಕ್ಕೆ ಕುಸಿಯುತ್ತದೆ. ಎತ್ತರದ ಎರಡರಷ್ಟನ್ನು ಕಾಲದ ವರ್ಗದಿಂದ ಭಾಗಿಸುವುದು ಸೂತ್ರ; ಅದರಲ್ಲಿ ಕಾಲದ ವರ್ಗವಿದೆಯಲ್ಲ, ಕಾಲದಲ್ಲಿ ಶೇ. 4ರಷ್ಟು ತಪ್ಪಿದರೆ ಉತ್ತರದಲ್ಲಿ ಶೇ. 8ರಷ್ಟು ತಪ್ಪುತ್ತದೆ. (ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್ ಈ ಕೆಲಸಕ್ಕೆ ಆಗದು, ಬೆರಳು ಸ್ಪಂದಿಸುವುದಕ್ಕೇ ಸುಮಾರು 0.2 ಸೆಕೆಂಡು ಬೇಕು.)

ಗುಂಡನ್ನು ಮೇಲೆ ಹಿಡಿದಿರುವ ವಿದ್ಯುತ್ಕಾಂತದ ಸ್ವಿಚ್ ಆರಿಸಿದ ಕೂಡಲೇ ಗಡಿಯಾರ ಓಡತೊಡಗುತ್ತದೆ, ಗುಂಡು ಕೆಳಗಿನ ಹಲಗೆಗೆ ತಾಗಿದಾಗ ನಿಲ್ಲುತ್ತದೆ. ಆದರೆ ಕಬ್ಬಿಣದ ತಿರುಳಿನಲ್ಲಿ ಉಳಿದ ಕಾಂತತ್ವ ಗುಂಡನ್ನು ಇನ್ನೂ ಹಿಡಿದಿರುತ್ತದೆ. ಕಾಂತಕ್ಕೂ ಗುಂಡಿಗೂ ನಡುವೆ ತೆಳು ಕಾಗದ ಇಡು. ಗುಂಡು ಜಾರದಿರುವಷ್ಟೇ ವಿದ್ಯುತ್ ಹರಿಸು. ತಡ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ಉಳಿದ ತಡವನ್ನು ನಕ್ಷೆಯಲ್ಲಿ (ಗ್ರಾಫ್‌ನಲ್ಲಿ) ಹಿಡಿಯಬೇಕು. 0.4ರಿಂದ 1.6 ಮೀಟರ್‌ವರೆಗೆ ಏಳು ಎತ್ತರ, ಒಂದೊಂದಕ್ಕೆ ಐದು ಸಲ. ಎತ್ತರವನ್ನು ಗುಂಡಿನ ತಳದಿಂದ ಕೆಳಗಿನ ಹಲಗೆಯವರೆಗೆ ಅಳೆ. 2 ಸೆಂಟಿಮೀಟರ್ ವ್ಯಾಸದ ಗುಂಡನ್ನು ಮಧ್ಯದಿಂದ ಅಳೆದರೆ 0.4 ಮೀಟರಿನಲ್ಲಿ ಶೇ. 2.5ರಷ್ಟು ತಪ್ಪಾಯಿತು. ಅಡ್ಡ ಅಕ್ಷದಲ್ಲಿ ಕಾಲ, ಲಂಬ ಅಕ್ಷದಲ್ಲಿ ಎತ್ತರದ ಎರಡರಷ್ಟರ ವರ್ಗಮೂಲ. ಬಿಂದುಗಳು ಸರಳರೇಖೆಯಲ್ಲಿ ಕೂರುತ್ತವೆ. ರೇಖೆಯ ಇಳಿಜಾರಿನ ವರ್ಗವೇ ನಿನಗೆ ಬೇಕಾದ ಬೆಲೆ. ಅದು ಕಾಲದ ಅಕ್ಷವನ್ನು ಎಲ್ಲಿ ಕತ್ತರಿಸುತ್ತದೋ ಅಷ್ಟು ನಿನ್ನ ತಡ. ಮೂಲಬಿಂದುವಿನ ಮೂಲಕವೇ ಹಾಯಲಿ ಎಂದು ರೇಖೆಯನ್ನು ಎಳೆದಾಡಿದೆಯೋ, ಬೆಲೆ, ತಡ ಎರಡೂ ಕೆಟ್ಟವು.

ಕಾಂತ ಸಿಗದಿದ್ದರೆ ಫೋನಿನ ನಿಧಾನಗತಿಯ ವಿಡಿಯೊ ಸಾಕು. ಸೆಕೆಂಡಿಗೆ 240 ಚಿತ್ರಗಳಿದ್ದರೆ 12 ಚಿತ್ರಗಳಿಗೊಮ್ಮೆ, ಅಂದರೆ 0.05 ಸೆಕೆಂಡಿಗೊಮ್ಮೆ, ಗುಂಡಿನ ಸ್ಥಾನ ಗುರುತಿಸು. ಒಂದು ಗುರುತಿನಿಂದ ಮುಂದಿನದಕ್ಕಿರುವ ಅಂತರ ಪ್ರತಿ ಹಂತದಲ್ಲೂ ಸುಮಾರು 2.45 ಸೆಂಟಿಮೀಟರ್ ಹೆಚ್ಚುತ್ತ ಹೋಗಬೇಕು; ಆ ಹೆಚ್ಚಳವನ್ನು ಮೀಟರಿನಲ್ಲಿ ಬರೆದು 0.05ರ ವರ್ಗದಿಂದ ಭಾಗಿಸಿದರೆ 9.8. ಗುಂಡು ಯಾವ ಚಿತ್ರದಲ್ಲಿ ಬಿಡುಗಡೆಯಾಯಿತೆಂದು ಹುಡುಕುವ ಗೋಜೇ ಇಲ್ಲ, ಅದಕ್ಕೇ ಈ ವಿಧಾನ ನನಗಿಷ್ಟ. ಅಳತೆಪಟ್ಟಿ ಮಾತ್ರ ಗುಂಡು ಬೀಳುವ ಸಮತಲದಲ್ಲೇ ಇರಲಿ. ಹಿಂದಿನ ಗೋಡೆಗೆ ಅಂಟಿಸಿದರೆ ದೂರಗಳೆಲ್ಲ ಹಿಗ್ಗಿ ಕಾಣುತ್ತವೆ.

ಟೇಬಲ್ ಟೆನಿಸ್ ಚೆಂಡು ಬೇಡ, ಗಾಳಿಯ ತಡೆ ಅದನ್ನು ಬೇಗ ಹಿಡಿಯುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಸುತ್ತಿಗೆಯನ್ನೂ ಗರಿಯನ್ನೂ ಒಟ್ಟಿಗೆ ಬಿಟ್ಟು ತೋರಿಸಿದ್ದು ಗಾಳಿಯಿಲ್ಲದ ಚಂದ್ರನ ಮೇಲೆ.

ಮೌಖಿಕ ಪರೀಕ್ಷೆಯಲ್ಲಿ ಮೇಲೆಸೆದ ಚೆಂಡಿನ ಬಗ್ಗೆ ಕೇಳಿಯೇ ಕೇಳುತ್ತಾರೆ. ತುತ್ತತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆಯಲ್ಲ. ಆಗಲೂ ಕೆಳಮುಖವಾಗಿ 9.8. ವರದಿಯಲ್ಲಿ ತಡದ ಬೆಲೆಯನ್ನೂ ಬರೆ.

ಇಂತಿ,
ನಿನ್ನ ಮಾವ