ಒಪ್ಕೊಂಡ್ಯಲ್ಲ ಮತ್ತೆ?

ಲೋ ಮಂಜ,

ನಿನ್ನ ಹನ್ನೊಂದು ನಿಮಿಷದ ವಾಯ್ಸ್ ಮೆಸೇಜ್ ಕೇಳ್ದೆ, ಎರಡು ಸಲ ಕೇಳ್ದೆ. "ಅವ್ನು ಇನ್ನೋಸೆಂಟ್ ಕಣೋ, ನೂರಕ್ಕೆ ನೂರು" ಅಂತ ಏಳು ಸಲ ಹೇಳಿದ್ದೀಯ, ಲೆಕ್ಕ ಇಟ್ಟಿದ್ದೀನಿ. ಸ್ಟೀವನ್ ಏವರಿ ಮೇಲಿನ ಕೊಲೆ ಕೇಸಿನ ಆ ನೆಟ್‌ಫ್ಲಿಕ್ಸ್ ಡಾಕ್ಯುಮೆಂಟರಿ ಸೀರೀಸ್, ಮೇಕಿಂಗ್ ಎ ಮರ್ಡರರ್, ಬಂದಿದ್ದು 2015ರ ಡಿಸೆಂಬರಲ್ಲಿ, ಊರೆಲ್ಲ ನೋಡಿ ಮುಗಿಸಿ ಮರೆತ ಮೇಲೆ ನೀನು ಈಗ ಒಂದೇ ವೀಕೆಂಡಲ್ಲಿ ಹತ್ತೂ ಎಪಿಸೋಡ್ ನೋಡಿ ಬೆಳಗಿನ ಜಾವ ನನಗೆ ಮೆಸೇಜ್ ಹಾಕ್ತೀಯ, ಅದೂ ಆ ಕೇಸು ನಡೆದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲೇ ಕೂತ್ಕೊಂಡು! ಐ-43 ಹೈವೇ ಹಿಡಿದು ಉತ್ತರಕ್ಕೆ ಒಂದೂಕಾಲು ಗಂಟೆ ಓಡ್ಸಿದ್ರೆ ಮ್ಯಾನಿಟೊವಾಕ್. ಈ ಶನಿವಾರ ಹೋಗಿ ಏವರಿ ಮನೆಯವರ ಆ ಗುಜರಿ ಯಾರ್ಡ್ ನೋಡ್ಕೊಂಡು ಬರ್ತೀನಿ ಅಂದ್ಯಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಫೋನಲ್ಲಿ ಹೇಳಿದ್ರೆ ನೀನು ಮಧ್ಯ ಬಾಯಿ ಹಾಕ್ತೀಯ ಅಂತ ಬರೀತಿದ್ದೀನಿ.

ಮೊದಲ ಎಪಿಸೋಡ್ ನೋಡಿದವರು ಯಾರೂ ಆಮೇಲೆ ಪೊಲೀಸರನ್ನ ನಂಬೋಕೆ ಆಗಲ್ಲ, ಅದನ್ನ ಒಪ್ತೀನಿ. 1985ರಲ್ಲಿ ಸ್ಟೀವನ್ ಏವರಿ ಮಾಡದೇ ಇರೋ ಅತ್ಯಾಚಾರಕ್ಕೆ ಜೈಲಿಗೆ ಹೋದ, 18 ವರ್ಷ ಕಳೆದು 2003ರಲ್ಲಿ ಡಿಎನ್ಎ ಟೆಸ್ಟ್ ಮಾಡಿ ನೋಡಿದ್ರೆ ಮಾಡಿದವನು ಗ್ರೆಗರಿ ಆಲನ್ ಅನ್ನೋ ಬೇರೆ ಮನುಷ್ಯ. ಹೊರಗೆ ಬಂದವನು ಮ್ಯಾನಿಟೊವಾಕ್ ಕೌಂಟಿ, ಅಂದ್ರೆ ಅಲ್ಲಿನ ಜಿಲ್ಲೆ, ಅದರ ಮೇಲೆ 36 ಮಿಲಿಯನ್ ಡಾಲರ್ ಕೇಸ್ ಹಾಕ್ದ. ಆ ಕೇಸು ನಡೀತಾ ಇರೋವಾಗ್ಲೇ, 2005ರ ಅಕ್ಟೋಬರ್ 31ಕ್ಕೆ, ಆಟೋ ಟ್ರೇಡರ್ ಮ್ಯಾಗಜಿನ್ನಿಗೆ ಒಂದು ವ್ಯಾನಿನ ಫೋಟೋ ತೆಗೆಯೋಕೆ ಅವರ ಯಾರ್ಡಿಗೆ ಬಂದ 25 ವರ್ಷದ ಟೆರೇಸಾ ಹಾಲ್ಬಾಕ್ ಕಾಣೆಯಾದ್ಲು. ನವೆಂಬರ್ 5ಕ್ಕೆ ಅವಳ ಕಾರು ಅದೇ ಯಾರ್ಡಲ್ಲಿ, ಕೊಂಬೆ ಗಿಂಬೆ ಮುಚ್ಚಿಟ್ಟು, ಸಿಕ್ತು. ಆಮೇಲೆ ಸುಟ್ಟ ಮೂಳೆ.

ಇನ್ನು ಆ ಕಾರ್ ಕೀ. ಕೌಂಟಿ ಮೇಲೇ ಕೇಸ್ ಇದೆಯಲ್ಲ ಅಂತ ತನಿಖೆನ ಪಕ್ಕದ ಕ್ಯಾಲುಮೆಟ್ ಕೌಂಟಿಗೆ ಕೊಟ್ಟಿದ್ರು, ಆದ್ರೂ ಮ್ಯಾನಿಟೊವಾಕ್ ಪೊಲೀಸರು ಹುಡುಕೋಕೆ ಬಂದ್ರು. ಎಷ್ಟೋ ಸಲ ಜಾಲಾಡಿದ ಅದೇ ಬೆಡ್‌ರೂಮಲ್ಲಿ ನವೆಂಬರ್ 8ಕ್ಕೆ ದಿಢೀರ್ ಅಂತ ಕೀ ನೆಲದ ಮೇಲೆ. ಅದನ್ನ ನೋಡಿದವರು ಯಾರು? ಸ್ಟೀವನ್ ಹಾಕಿದ ಕೇಸಲ್ಲಿ ಕೆಲವೇ ವಾರದ ಹಿಂದೆ ಹೇಳಿಕೆ ಕೊಟ್ಟು ಬಂದಿದ್ದ ಮ್ಯಾನಿಟೊವಾಕ್ ಅಧಿಕಾರಿಗಳೇ. ಕೀ ಮೇಲೆ ಸ್ಟೀವನ್ ಡಿಎನ್ಎ ಇದೆ, ದಿನಾ ಆ ಕಾರ್ ಓಡಿಸ್ತಿದ್ದ ಟೆರೇಸಾದು ಇಲ್ಲ. ನಮ್ಮೂರಲ್ಲಾದ್ರೆ ಮಹಜರಿಗೆ ಸೈನ್ ಹಾಕಿದ ಪಂಚರೇ ಕೋರ್ಟಲ್ಲಿ "ನಾನು ನೋಡೇ ಇಲ್ಲ ಸಾರ್" ಅಂದುಬಿಡ್ತಿದ್ರೇನೋ.

ಅಷ್ಟು ಹೇಳಿದ ಮೇಲೂ ನಾನು ನಿನ್ನ ನೂರಕ್ಕೆ ನೂರಿಗೆ ಬರಲ್ಲ. ಯಾಕೆ ಅಂದ್ರೆ ನಾನೂ ಮೊದಲು ನಿನ್ನ ಥರಾನೇ ಕುಣಿದೋನು. ಆ ರಕ್ತದ ಟ್ಯೂಬ್ ಸೀನ್ ನೆನಪಿದ್ಯಲ್ಲ, ಕೋರ್ಟಲ್ಲಿಟ್ಟಿದ್ದ ಸ್ಟೀವನ್ ರಕ್ತದ ಹಳೇ ಸ್ಯಾಂಪಲ್, ಡಬ್ಬದ ಸೀಲ್ ಕಿತ್ತಿದೆ, ರಬ್ಬರ್ ಮುಚ್ಚಳದಲ್ಲಿ ಸೂಜಿ ತೂತು, ಪೊಲೀಸರೇ ಅದರಿಂದ ರಕ್ತ ತೆಗೆದು ಟೆರೇಸಾ ಕಾರಲ್ಲಿ ಹಚ್ಚಿದ್ರು ಅನ್ನೋ ಹಾಗೆ, ಮ್ಯೂಸಿಕ್ ಬೇರೆ. ನಾನು ಸೋಫಾದಿಂದ ಎದ್ದು ನಿಂತಿದ್ದೆ ಕಣೋ. ಆಮೇಲೆ ಲ್ಯಾಬಲ್ಲಿ ಕೆಲಸ ಮಾಡೋ ನಮ್ಮ ಅತ್ತಿಗೆ ಹತ್ರ ಹೇಳಿದ್ರೆ ನಗಾಡಿಬಿಟ್ರು, ಆ ಥರ ಟ್ಯೂಬಿಗೆ ರಕ್ತ ಹೋಗೋದೇ ಮುಚ್ಚಳ ಚುಚ್ಚಿ, ತೂತು ಇಲ್ದೇ ಹೆಂಗೆ ತುಂಬ್ತಾರೆ ಅಂತ. ಹತ್ತು ಗಂಟೆ ಸಿನಿಮಾದಲ್ಲಿ ಇದೊಂದು ಲೈನ್ ಹೇಳೋಕೆ ಜಾಗ ಇರ್ಲಿಲ್ವಾ? ಕಾರಲ್ಲಿದ್ದ ರಕ್ತಕ್ಕೆ ಟ್ಯೂಬಲ್ಲಿರೋ ಕೆಮಿಕಲ್ ಇದೆಯಾ ಅಂತ ಎಫ್‌ಬಿಐ ಟೆಸ್ಟ್ ಮಾಡಿ ಇಲ್ಲ ಅಂತು, ಅದನ್ನ ತೋರಿಸ್ತಾರೆ, ಆದ್ರೆ ಅಷ್ಟು ಹೊತ್ತಿಗೆ ನಮ್ಮ ಮನಸ್ಸು ಎಲ್ಲೋ ಹೋಗಿರುತ್ತೆ. ಕಾರಿನ ಬಾನೆಟ್ ಲಾಚ್ ಮೇಲೆ ಸ್ಟೀವನ್ ಡಿಎನ್ಎ ಸಿಕ್ಕಿದ್ದು, ಅವತ್ತು ನಂಬರ್ ಕಾಣದ ಹಾಗೆ ಮಾಡಿ ಅವಳಿಗೆ ಎರಡು ಸಲ ಫೋನ್ ಮಾಡಿದ್ದು, ಇವೆಲ್ಲ ನಾನು ಸಿನಿಮಾ ಮುಗಿದ ಮೇಲೆ ಬೇರೆ ಕಡೆ ಓದಿ ತಿಳ್ಕೊಂಡಿದ್ದು. ಓದಿದ ದಿನ ಮೋಸ ಹೋದೆ ಅನ್ನಿಸ್ತು. ಲಾರಾ ರಿಚ್ಚಾರ್ಡಿ, ಮೊಯ್ರಾ ಡೆಮೋಸ್ ಇಬ್ರೂ ಹತ್ತು ವರ್ಷ ಆ ಕುಟುಂಬದ ಹಿಂದೆ ಓಡಾಡಿ ಮಾಡಿದ್ದು ಅದು, ಅವರ ಶ್ರಮಕ್ಕೆ ದೊಡ್ಡ ನಮಸ್ಕಾರ, ಆದ್ರೆ ಯಾರ ಮನೇಲಿ ಹತ್ತು ವರ್ಷ ಕಾಫಿ ಕುಡೀತೀಯೋ ಅವರ ಕಡೆ ಸ್ವಲ್ಪ ವಾಲ್ತೀಯ ಬಿಡು. ಟೆರೇಸಾ ಮನೆಯವರು ಸಿನಿಮಾದಲ್ಲಿ ಮಾತಾಡೋಕೆ ಒಪ್ಪಲಿಲ್ಲ, ಹಂಗಾಗಿ ಆ ಹುಡುಗಿ ಒಂದೆರಡು ಹಳೇ ವಿಡಿಯೋದಲ್ಲಿ ಬಂದು ಹೋಗ್ತಾಳೆ ಅಷ್ಟೆ.

ಅದಕ್ಕೇ ಸ್ಟೀವನ್ ವಿಷಯದಲ್ಲಿ ನನ್ನ ಉತ್ತರ: ಮಾಡಿರಬಹುದು, ಪೊಲೀಸರು ಸಾಕ್ಷಿನೂ ಇಟ್ಟಿರಬಹುದು, ಎರಡೂ ಒಟ್ಟಿಗೆ ನಿಜ ಇರಬಹುದು. ನಿನ್ನ ಜೊತೆ ಇಡೀ ರಾತ್ರಿ ಜಗಳ ಆಡೋಕೆ ರೆಡಿ.

ಬ್ರೆಂಡನ್ ವಿಷಯದಲ್ಲಿ ಜಗಳಾನೇ ಇಲ್ಲ. ನೀನು ಹನ್ನೊಂದು ನಿಮಿಷದಲ್ಲಿ ಅವನ ಬಗ್ಗೆ ಮಾತಾಡಿದ್ದು ಹತ್ತು ಸೆಕೆಂಡು, "ಆ ಪೆದ್ದ ಅಳಿಯ" ಅಂತ. ಅದು ನಂಗೆ ಚುಚ್ತು, ಯಾಕೆ ಅಂತ ಹೇಳ್ತೀನಿ.

ಸ್ಟೀವನ್ ಅಕ್ಕತಂಗಿ ಮಗ ಬ್ರೆಂಡನ್ ಡಾಸಿ, 16 ವರ್ಷ, ಸ್ಕೂಲಲ್ಲಿ ಸ್ಪೆಷಲ್ ಎಜುಕೇಷನ್ ಕ್ಲಾಸಿನ ಹುಡುಗ, ಎದುರು ಕೂತೋರ ಕಣ್ಣು ನೋಡಿ ಮಾತಾಡಕ್ಕೂ ಬರಲ್ಲ. 2006ರ ಮಾರ್ಚ್ 1ಕ್ಕೆ ಸ್ಕೂಲಿಂದ ಕರ್ಕೊಂಡು ಹೋಗಿ ಇಬ್ರು ಅಧಿಕಾರಿಗಳು ಗಂಟೆಗಟ್ಟಲೆ ಕೂರಿಸಿ ಕೇಳ್ತಾರೆ, ರೂಮಲ್ಲಿ ಅಮ್ಮನೂ ಇಲ್ಲ ಲಾಯರೂ ಇಲ್ಲ. ಒಂದು ಏಟು ಹೊಡೆಯಲ್ಲ. ಮೊಣಕಾಲ ಮೇಲೆ ಕೈ ಇಡ್ತಾರೆ, ನಿಜ ಹೇಳ್ಬಿಡು ಮಗ ನಾವಿದ್ದೀವಿ, ಆಗಲೇ ಎಲ್ಲ ಗೊತ್ತು ನಮಗೆ, ಅನ್ನೋ ಧಾಟಿ. ಅವಳ ತಲೆಗೆ ಏನು ಮಾಡಿದ್ರಿ ಅಂತ ಕೇಳ್ತಾರೆ. ಅವರಿಗೆ ಬೇಕಾಗಿರೋ ಉತ್ತರ ಗುಂಡು. ಈ ಹುಡುಗ ಕೂದಲು ಕತ್ತರಿಸಿದ ಅಂತಾನೆ. ಇನ್ನೇನು? ಗುದ್ದಿದ ಅಂತಾನೆ. ಇನ್ನೇನು? ಕತ್ತು ಕುಯ್ದಿದ್ದು ಅಂತಾನೆ. ಕ್ವಿಜ್ಜಲ್ಲಿ ಉತ್ತರ ಗೊತ್ತಿಲ್ದೇ ಇರೋ ಹುಡುಗ ಒಂದೊಂದೇ ಎಸೀತಾನಲ್ಲ, ಹಂಗೆ. ಕೊನೆಗೆ ಅವರಿಗೇ ತಾಳ್ಮೆ ಕೆಟ್ಟು, ತಲೆಗೆ ಗುಂಡು ಹೊಡೆದಿದ್ದು ಯಾರು ಅಂತ ನೇರವಾಗೇ ಕೇಳಿಬಿಡ್ತಾರೆ. ಅವನು, ಅಂತಾನೆ. ಮತ್ಯಾಕೆ ಮೊದಲೇ ಹೇಳ್ಲಿಲ್ಲ ಅಂದ್ರೆ, ಹೊಳೀಲಿಲ್ಲ ಅಂತಾನೆ ಕಣೋ! ಕೊಲೆ ನೋಡಿದೋನಿಗೆ ಗುಂಡು ಹೊಡೆದಿದ್ದು ಹೊಳೀಲಿಲ್ವಂತೆ. ಬಾನೆಟ್ ವಿಷಯನೂ ಅಷ್ಟೇ, ಬಾನೆಟ್ ಎತ್ತಿದ್ನಾ ಅಂತ ಬಾಯಿಗಿಟ್ಟಿದ್ದು ಅವರೇ.

ಎಲ್ಲ ಒಪ್ಕೊಂಡಾದ ಮೇಲೆ ಅವನು ಕೇಳೋದು, 1:29ರೊಳಗೆ ಸ್ಕೂಲಿಗೆ ವಾಪಸ್ ಹೋಗ್ಬೋದಾ, ಒಂದು ಪ್ರಾಜೆಕ್ಟ್ ಕೊಡಬೇಕು ಅಂತ. ಇದನ್ನ ಯಾವ ಎಡಿಟರೂ ಕತ್ತರಿ ಹಾಕಿ ಹುಟ್ಟಿಸೋಕೆ ಆಗಲ್ಲ, ಟೇಪ್ ಹಂಗೇ ಇದೆ. ಟೇಪಲ್ಲಿ ಹೇಳಿದ ಪ್ರಕಾರ ಬೆಡ್‌ರೂಮಲ್ಲಿ ರಕ್ತದ ಹೊಳೆ ಹರೀಬೇಕಿತ್ತು, ಅಲ್ಲಿ ಟೆರೇಸಾ ರಕ್ತದ ಒಂದು ಹನಿ ಸಿಗ್ಲಿಲ್ಲ. ಮಾರನೇ ದಿನ ಪ್ರಾಸಿಕ್ಯೂಟರ್ ಕೆನ್ ಕ್ರಾಟ್ಜ್ ಟಿವಿ ಮುಂದೆ ಕೂತು, 15 ವರ್ಷದ ಕೆಳಗಿನವರು ನೋಡಬೇಡಿ ಅಂತ ಹೇಳಿ, ಆ ಕಥೆನ ಇಡೀ ರಾಜ್ಯಕ್ಕೆ ಹೇಳ್ದ. ಮುಂದೆ ಜ್ಯೂರಿಲಿ ಕೂರೋ ಜನ ಅದನ್ನ ಮನೇಲಿ ಕೂತು ಕೇಳಿರಲ್ವಾ? ಮಜಾ ಏನಂದ್ರೆ 2007ರ ಸ್ಟೀವನ್ ಟ್ರಯಲ್ಲಿನಲ್ಲಿ ಆ ತಪ್ಪೊಪ್ಪಿಗೆ ತರ್ಲೇ ಇಲ್ಲ, ಒಬ್ಬನೇ ಮಾಡಿದ್ದು ಅನ್ನೋ ಹಾಗೆ ವಾದ ಮಾಡಿದ್ರು, ಮುಂದಿನ ತಿಂಗಳು ಬ್ರೆಂಡನ್ ಟ್ರಯಲ್ಲಿನಲ್ಲಿ ಇಬ್ರೂ ಸೇರಿ ಮಾಡಿದ್ದು. ಒಂದೇ ಕೊಲೆ, ಎರಡು ಕಥೆ, ಇಬ್ರಿಗೂ ಜೀವಾವಧಿ.

ಈಗ ನಮ್ಮ ಹಾಸ್ಟೆಲ್ ವಿಷಯ. ನೀನು ಮರೆತಿರಬಹುದು. ಏಳನೇ ಕ್ಲಾಸು, ವಾರ್ಡನ್ ಟೇಬಲ್ ಮೇಲಿದ್ದ ಮೆಸ್ ದುಡ್ಡು 80 ರೂಪಾಯಿ ಕಾಣ್ಲಿಲ್ಲ, ಆ ರೂಮಿಗೆ ಕೊನೆಗೆ ಹೋಗಿದ್ದು ನಾನು. ಎಲ್ರೂ ಹೊಡೆದ್ರು ಅಂದ್ಕೊಂಡಿದ್ರು, ಹೊಡೀಲೇ ಇಲ್ಲ ಕಣೋ. ಮಾರಿ ಬಿಸ್ಕತ್ ಕೊಟ್ರು. ನೀನು ಒಳ್ಳೆ ಹುಡುಗ, ನಿಜ ಹೇಳಿದ್ರೆ ಏನೂ ಮಾಡಲ್ಲ, ಅಪ್ಪಂಗೂ ಹೇಳಲ್ಲ ಅಂದ್ರು. ನಾನು ಇಲ್ಲ ಅಂದಾಗೆಲ್ಲ ಅವರ ಮುಖ ಸಣ್ಣಗಾಗೋದು, ಅದನ್ನ ನೋಡೋಕೆ ಆಗ್ತಿರ್ಲಿಲ್ಲ. ರಾತ್ರಿ ಊಟದ ಗಂಟೆ ಹೊಡೀತು, ಹಸಿವು, ಎದ್ದು ಹೋಗ್ಬೇಕು ಅಷ್ಟೆ ಅನ್ನಿಸ್ತು, ಹೂಂ ಸಾರ್ ಅಂದೆ. ದುಡ್ಡು ಏನು ಮಾಡ್ದೆ? ಬಸ್ ಸ್ಟ್ಯಾಂಡ್ ಅಂಗಡೀಲಿ ಬೋಂಡ ತಿಂದೆ ಸಾರ್. 80 ರೂಪಾಯಿಗೂ ಬೋಂಡಾನಾ? ಇಲ್ಲ ಸಾರ್, ಬಾಲ್ ತಗೊಂಡೆ. ಬಾಲ್ ಎಲ್ಲಿ? ಕಳೆದುಹೋಯ್ತು ಸಾರ್. ನೋಡು, ಹೆಂಗೆ ಬರುತ್ತೆ ಕಥೆ, ಕೇಳೋರು ಕೇಳ್ತಾ ಹೋದ್ರೆ ಸಾಕು. ಅವತ್ತು ಸೋಮವಾರ, ಆ ಬೋಂಡದ ಅಂಗಡಿ ಸೋಮವಾರ ಬಾಗಿಲು ತೆಗೀತಾನೇ ಇರ್ಲಿಲ್ಲ. ಒಬ್ರೂ ಅದನ್ನ ಯೋಚ್ನೆ ಮಾಡ್ಲಿಲ್ಲ.

ಮೂರು ದಿನ ಆದ್ಮೇಲೆ ದುಡ್ಡು ಮೆಸ್ ರಿಜಿಸ್ಟರ್ ಪುಟದ ಮಧ್ಯ ಸಿಕ್ತು. ಆ ಮೂರು ದಿನ ನೀನು ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ. ನಲ್ಲಿ ಹತ್ರ ತಟ್ಟೆ ತೊಳೀತಾ ನಾನು ಕದ್ದಿಲ್ಲ ಮಂಜ ಅಂದಾಗ, "ಒಪ್ಕೊಂಡ್ಯಲ್ಲ ಮತ್ತೆ?" ಅಂದೆ ನೀನು. ಅದಕ್ಕೆ ನನ್ನ ಹತ್ರ ಉತ್ತರ ಇರ್ಲಿಲ್ಲ. ಬ್ರೆಂಡನ್‌ಗೂ ಕೋರ್ಟಲ್ಲಿ ಅದನ್ನೇ ಕೇಳಿದ್ರು, ಮಾಡಿಲ್ಲ ಅಂದ್ರೆ ಇಷ್ಟೆಲ್ಲ ಎಲ್ಲಿಂದ ಬಂತು ಅಂತ. ಯಾವುದೋ ಪುಸ್ತಕದಲ್ಲಿ ಓದಿದ್ದು ಇರಬೇಕು ಅಂದ. ಜ್ಯೂರಿ ನಂಬಲಿಲ್ಲ, ಹೆಂಗೆ ನಂಬ್ತಾರೆ.

ನಮ್ಮ ದೇಶದಲ್ಲಾಗಿದ್ರೆ ಆ ಟೇಪು ಕೋರ್ಟ್ ಬಾಗಿಲು ದಾಟ್ತಿರ್ಲಿಲ್ಲ, ಗೊತ್ತಾ ನಿಂಗೆ? ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಆರೋಪಿ ವಿರುದ್ಧ ನಡೆಯಲ್ಲ, 1872ರ ಎವಿಡೆನ್ಸ್ ಆಕ್ಟಿನ 25ನೇ ಸೆಕ್ಷನ್ ಅದು, 2024ರ ಜುಲೈಯಿಂದ ಬಂದ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 23. ಬ್ರಿಟಿಷರಿಗೇ ನಮ್ಮ ಠಾಣೆಗಳ ಮೇಲೆ ನಂಬಿಕೆ ಇರ್ಲಿಲ್ಲ ಅಂತ ಕಾಣುತ್ತೆ. ಹಂಗಂತ ಕಾಲರ್ ಎತ್ಕೋಬೇಡ. ಆರೋಪಿ ಹೇಳಿದ್ದರಿಂದ ಏನಾದ್ರೂ ವಸ್ತು ಸಿಕ್ಕಿದ್ರೆ ಅಷ್ಟು ಮಾತು ನಡೆಯುತ್ತೆ ಅಂತ ಪಕ್ಕದಲ್ಲೇ ಒಂದು ಕಿಂಡಿನೂ ಇದೆ, ಆ ಕಿಂಡೀಲಿ ಎಷ್ಟು ಚಾಕು, ಎಷ್ಟು ರಕ್ತದ ಬಟ್ಟೆ ರಿಕವರಿ ಆಗಿದ್ಯೋ ಯಾರು ಬಲ್ರು. ಬ್ರೆಂಡನ್ ಹೇಳಿಕೆ ಆದ್ಮೇಲೆ ಗ್ಯಾರೇಜಲ್ಲಿ ಸಿಕ್ಕ ಗುಂಡಿನ ಚೂರೂ ಅದೇ ಥರದ್ದು, ಅದರ ಡಿಎನ್ಎ ಟೆಸ್ಟಲ್ಲಿ ಯಾವ ಡಿಎನ್ಎನೂ ಇರಬಾರದ ಕಂಟ್ರೋಲ್ ಸ್ಯಾಂಪಲ್ಲಿಗೆ ಲ್ಯಾಬಿನವರದ್ದೇ ಡಿಎನ್ಎ ಸೇರಿಹೋಗಿತ್ತು, ಆದ್ರೂ ರಿಸಲ್ಟ್ ಇಟ್ಕೊಂಡ್ರು. ಇನ್ನು ನಮ್ಮ ಬೆಂಗಳೂರಿನ ನಾರ್ಕೋ ಟೆಸ್ಟ್ ನೆನಪು ಮಾಡ್ಕೋ, ಛಾಪಾ ಕಾಗದ ಹಗರಣದ ತೆಲಗಿ ಮಂಪರಲ್ಲಿ ತೊದಲ್ತಾ ಹೆಸರು ಹೇಳೋ ವಿಡಿಯೋನ ನಾವು ಟಿವೀಲಿ ಬಾಯಿ ಬಿಟ್ಕೊಂಡು ನೋಡಿದ್ವಲ್ಲ. ಒಪ್ಪಿಗೆ ಇಲ್ದೇ ಅದನ್ನ ಮಾಡೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ, ಆ ಕೇಸಿನ ಹೆಸರಲ್ಲೇ ನಮ್ಮ ರಾಜ್ಯ ಇದೆ, ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ. ಕೊಡಗಿನ ಸುದ್ದಿ ನೀನೇ ಫಾರ್ವರ್ಡ್ ಮಾಡಿದ್ದೆ, ಹೆಂಡ್ತಿನ ಕೊಂದ ಅಂತ ಒಬ್ಬ ಬಡಪಾಯಿನ ಜೈಲಿಗೆ ಹಾಕಿದ್ರು, 2025ರ ಏಪ್ರಿಲಲ್ಲಿ ನೋಡಿದ್ರೆ ಹೆಂಡ್ತಿ ಮಡಿಕೇರಿ ಹೋಟೆಲಲ್ಲಿ ಇದ್ದಾಳೆ. ಅಲ್ಲೂ ಒಂದು ಅಸ್ಥಿಪಂಜರ ಸಿಕ್ಕಿತ್ತು, ಅಲ್ಲೂ ಒಂದು ಕಥೆ ಸಿದ್ಧ ಇತ್ತು.

ಬ್ರೆಂಡನ್‌ಗೆ ಆ ಥರ ಪವಾಡ ಆಗಲ್ಲ. 2016ರ ಆಗಸ್ಟಲ್ಲಿ ಫೆಡರಲ್ ಮ್ಯಾಜಿಸ್ಟ್ರೇಟ್ ವಿಲಿಯಂ ಡಫಿನ್, ಆ ಹುಡುಗನ ವಯಸ್ಸು, ಬುದ್ಧಿಮಟ್ಟ, ಅಧಿಕಾರಿಗಳು ಕೊಟ್ಟ ಸುಳ್ಳು ಭರವಸೆ ಎಲ್ಲ ನೋಡಿ ಇದು ಸ್ವಂತ ಇಚ್ಛೆಯ ಹೇಳಿಕೆ ಅಲ್ಲ ಅಂತ ಶಿಕ್ಷೆ ರದ್ದು ಮಾಡಿದ್ರು. ನವೆಂಬರಲ್ಲಿ ಬಿಡುಗಡೆಗೆ ಆರ್ಡರ್ ಆಯ್ತು, ಕೆಲವೇ ದಿನದಲ್ಲಿ ಮೇಲಿನ ಕೋರ್ಟ್ ತಡೀತು. 2017ರ ಜೂನಲ್ಲಿ ಮೂವರು ಜಡ್ಜುಗಳಲ್ಲಿ ಇಬ್ರು ಅವನ ಪರ. ಡಿಸೆಂಬರಲ್ಲಿ ಏಳು ಜನ ಕೂತು 4-3ರಲ್ಲಿ ಅವನ ವಿರುದ್ಧ. ಒಬ್ರು ಆ ಕಡೆ ವಾಲಿದ್ರು ಅಷ್ಟೆ ಮಾರಾಯ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೇಸನ್ನ ಕೈಗೇ ತಗೊಳ್ಲಿಲ್ಲ. ಮರುವರ್ಷ ಕ್ಷಮೆ ಅರ್ಜಿನ ನಿಮ್ಮ ಗವರ್ನರ್ ಆಫೀಸು ನಿಯಮಕ್ಕೆ ಕೂರಲ್ಲ ಅಂತ ವಾಪಸ್ ಕಳಿಸ್ತು. ಪೆರೋಲಿಗೆ ಅರ್ಜಿ ಹಾಕೋಕೆ 2048 ಬರಬೇಕು. ಕ್ಷಮೆ ಕೊಡಿ ಅಂತ ಲಕ್ಷಕ್ಕೂ ಹೆಚ್ಚು ಜನ ಸೈನ್ ಹಾಕಿದ ಪಿಟಿಷನ್ನಿಗೆ ವೈಟ್ ಹೌಸ್ ಕೊಟ್ಟ ಉತ್ತರ, ಇದು ರಾಜ್ಯದ ಕೇಸು, ಅಧ್ಯಕ್ಷರ ಕೈಲಿ ಇಲ್ಲ ಅಂತ. ನಾನೂ ಸೈನ್ ಹಾಕಿದ್ದೆ, ಬೆಂಗಳೂರಲ್ಲಿ ಕೂತ್ಕೊಂಡು, ನನ್ನ ಸೈನಿಗೆ ಏನು ಬೆಲೆಯೋ.

ಜೈಲಿಂದ ಅಮ್ಮನಿಗೆ ಫೋನ್ ಮಾಡಿ ಇನ್‌ಕನ್ಸಿಸ್ಟೆಂಟ್ ಅಂದ್ರೆ ಏನಮ್ಮಾ ಅಂತ ಕೇಳ್ತಾನಲ್ಲ, ಅವನ ಹೇಳಿಕೆಗಳು ಹಂಗಿವೆ ಅಂತ ಯಾರೋ ಅಂದಿರ್ತಾರೆ, ಅಮ್ಮಂಗೂ ಸರಿಯಾಗಿ ಗೊತ್ತಿರಲ್ಲ. ಆ ಸೀನ್ ಇನ್ನೊಂದ್ಸಲ ನೋಡು, ಸ್ಟೀವನ್ ಲಾಯರುಗಳ ಭಾಷಣ ಬಿಟ್ಟು ಅದನ್ನ ನೋಡು.

ಶನಿವಾರ ಯಾರ್ಡಿಗೆ ಹೋಗ್ಬೇಡ. ಗೇಟ್ ಮುಂದೆ ನಿಂತು ಸೆಲ್ಫಿ ತಗೊಳ್ಳೋ ಜಾಗ ಅಲ್ಲ ಅದು, ಒಬ್ಬಳು ಹುಡುಗಿ ಸತ್ತಿದ್ದಾಳೆ, ಅವಳ ಮನೆಯವರು ಪಕ್ಕದ ಕೌಂಟಿಯವರು. ಅಷ್ಟು ದೂರ ಡ್ರೈವ್ ಮಾಡಲೇಬೇಕು ಅಂದ್ರೆ ಲೇಕ್ ಮಿಷಿಗನ್ ದಡದಲ್ಲಿ ಕೂತು ನಂಗೆ ಫೋನ್ ಮಾಡು, ಸ್ಟೀವನ್ ಬಗ್ಗೆ ಜಗಳ ಆಡೋಣ. ಆ ನಲ್ಲಿ ಹತ್ರದ ಮಾತು ನಿಂಗೆ ನೆನಪಿದ್ಯಾ ಇಲ್ವಾ ಅದನ್ನೂ ಹೇಳು, ಬೈಯಲ್ಲ.

ನಿನ್ನ,
ಬೋಂಡ ಕಳ್ಳ